ಕಂಬದ ಹಿಂದಿನ ಸೀಟು ಬೇಡ: ಲಂಡನ್ನಿನಲ್ಲಿ ಓದುತ್ತಾ ನಾಟಕ, ಸಂಗೀತ ಸವಿಯುವುದು ಹೇಗೆ?

ಓದಲೆಂದು ಲಂಡನ್ನಿಗೆ ಬರುವ ನಮ್ಮ ಹುಡುಗ ಹುಡುಗಿಯರಲ್ಲಿ ಎರಡು ಬಗೆಯವರನ್ನು ಕಂಡಿದ್ದೇನೆ. ಒಂದು ಬಗೆಯವರು ಬಂದ ತಿಂಗಳೇ ಹಾಡು, ಕುಣಿತ ತುಂಬಿದ ಯಾವುದೋ ದೊಡ್ಡ ಹೆಸರಿನ ಮ್ಯೂಸಿಕಲ್‌ಗೆ ನೂರು ಪೌಂಡ್ ಸುರಿದು, ಬಾಗಿಲಲ್ಲಿ ಸೆಲ್ಫಿ ತೆಗೆದುಕೊಂಡು, ಆಮೇಲೆ ಕೋರ್ಸ್ ಮುಗಿಯುವ ತನಕ ಆ ಕಡೆ ತಲೆ ಹಾಕುವುದಿಲ್ಲ. ಇನ್ನೊಂದು ಬಗೆಯವರು 'ಅದೆಲ್ಲ ನಮ್ಮಂಥವರಿಗಲ್ಲ' ಅಂದುಕೊಂಡು ಒಂದು ದಿನವೂ ಹೋಗದೆ ವಿಮಾನ ಹತ್ತುತ್ತಾರೆ. ಸಲಕ್ಕೆ ಹತ್ತು ಪೌಂಡಿನೊಳಗೆ ತಿಂಗಳಿಗೆರಡು ಸಂಜೆ ಕಳೆಯಬಹುದಾದ ಊರಿದು. ದಾರಿ ಗೊತ್ತಿರಬೇಕು, ಅಷ್ಟೆ.

ಮೊದಲು, ವಿದ್ಯಾರ್ಥಿ ಗುರುತಿನ ಚೀಟಿ ಸದಾ ಜೊತೆಗಿರಲಿ. ನ್ಯಾಷನಲ್ ಥಿಯೇಟರ್, ಬಾರ್ಬಿಕನ್ ಮುಂತಾದ ಕಡೆ ಯುವಜನರಿಗಾಗಿ ಅಗ್ಗದ ಟಿಕೆಟ್ಟಿನ ಯೋಜನೆಗಳಿವೆ, ಬಂದ ವಾರವೇ ಹೆಸರು ಬರೆಸಿ. ಪಿಎಚ್‌ಡಿ ಮಾಡುತ್ತಾ ಮೂವತ್ತು ದಾಟಿದವರು ಬೇಸರಪಡಬೇಕಿಲ್ಲ. 1901ರಲ್ಲಿ ತೆರೆದ ವಿಗ್ಮೋರ್ ಹಾಲ್‌ನಲ್ಲಿ 35 ತುಂಬದವರಿಗೆ ಹಲವು ಸಂಗೀತ ಕಛೇರಿಗಳಿಗೆ 5 ಪೌಂಡಿನ ಟಿಕೆಟ್ ಸಿಗುತ್ತದೆ. ಪಿಯಾನೊ, ಪಿಟೀಲು ಕೇಳಲು ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಎರಡನೆಯದು ಟಿಕೆಟ್. ಲೆಸ್ಟರ್ ಸ್ಕ್ವೇರಿನ ನಡುವೆ ಟಿ.ಕೆ.ಟಿ.ಎಸ್. ಎಂಬ ಪುಟ್ಟ ಗೂಡಿದೆ. ಉಳಿದ ಸೀಟುಗಳನ್ನು ರಿಯಾಯಿತಿಯಲ್ಲಿ ಮಾರುವ ಅಧಿಕೃತ ಜಾಗ ಅದು. ಸುತ್ತಮುತ್ತ 'ಅರ್ಧ ಬೆಲೆ' ಎಂದು ಬೋರ್ಡು ನೇತುಹಾಕಿದ ಬೇರೆ ಅಂಗಡಿಗಳನ್ನು ನಾನಂತೂ ಹತ್ತುವುದಿಲ್ಲ. ಮಧ್ಯವರ್ತಿ ವೆಬ್‌ಸೈಟುಗಳೂ ಅಷ್ಟೆ. ಕೊನೆಯ ಪುಟದಲ್ಲಿ ಶುಲ್ಕ ಸೇರಿಸುತ್ತಾ ಹೋಗುತ್ತವೆ. ಥಿಯೇಟರಿನದೇ ವೆಬ್‌ಸೈಟಿನಲ್ಲಿ ಅದೇ ಸೀಟಿನ ದರ ಎಷ್ಟಿದೆ ಎಂದು ನೋಡದೆ ಕಾರ್ಡು ಹೊರತೆಗೆಯಬೇಡಿ.

ಎಲ್ಲರೂ ಎಡವುವುದು ಸೀಟು ಆರಿಸುವಾಗ. ಲಂಡನ್ನಿನ ನಾಟಕದ ಕೇರಿ ವೆಸ್ಟ್ ಎಂಡಿನ ಥಿಯೇಟರುಗಳಲ್ಲಿ ಬಹುಪಾಲು ನೂರು ವರ್ಷಕ್ಕೂ ಹಳೆಯವು. ಕೆಲವದರಲ್ಲಿ ಮೇಲಿನ ಬಾಲ್ಕನಿಯ ಭಾರವನ್ನು ಕೆಳಗಿನ ಕಂಬಗಳು ಹೊತ್ತಿರುತ್ತವೆ. ಹಾಗೊಂದು ಕಂಬದ ಹಿಂದೆ ನಾನು ಮೂರು ಗಂಟೆ ಕೂತಿದ್ದೇನೆ. ಎಡಕ್ಕೆ ವಾಲಿದರೆ ರಾಣಿ, ಬಲಕ್ಕೆ ವಾಲಿದರೆ ರಾಜ. ಇಬ್ಬರೂ ಜಗಳಕ್ಕೆ ನಿಂತಾಗ ನನ್ನ ಕತ್ತು ಟೆನಿಸ್ ನೋಡುವವರ ಕತ್ತಾಯಿತು. ಹಿಂದಿನ ಸಾಲಿನ ಅಜ್ಜಿ ಭುಜ ತಟ್ಟಿ, 'ಮಗೂ, ಒಂದು ಕಡೆ ನಿಲ್ಲು' ಎಂದರು. ಟಿಕೆಟ್ಟಿನ ಮೂಲೆಯಲ್ಲಿ 'ನೋಟಕ್ಕೆ ಅಡ್ಡಿಯಿದೆ' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಓದಿರಲಿಲ್ಲ.

ಅಡ್ಡಿಯಲ್ಲೂ ನಾಲ್ಕಾರು ಬಗೆ. ನೆಲದ ಮಟ್ಟದ ಸ್ಟಾಲ್ಸ್‌ನ ಕೊನೆಯ ಸಾಲುಗಳಲ್ಲಿ ಮೇಲಿನ ಬಾಲ್ಕನಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ಯಾರಾದರೂ ಮಹಡಿಯ ಮೇಲೆ ನಿಂತು ಹಾಡಿದರೆ ನಿಮಗೆ ಕಾಣುವುದು ಅವರ ಬೂಟು. ಮೇಲಂತಸ್ತಿನ ಮೊದಲ ಸಾಲು ಭಾರಿ ಒಳ್ಳೆಯದು ಅನ್ನಿಸುತ್ತದೆ, ಆದರೆ ಬೀಳದಿರಲಿ ಎಂದು ಹಾಕಿದ ಸರಳು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರಬಹುದು. ಅದನ್ನು ತಪ್ಪಿಸಲು ಮುಂದಕ್ಕೆ ಬಾಗಿದಿರೋ, ಹಿಂದಿನವರಿಗೆ ನಿಮ್ಮ ತಲೆಯೇ ಕಂಬ. ಸಾಲಿನ ತೀರಾ ಅಂಚಿನ ಸೀಟಿನಲ್ಲಿ ರಂಗದ ಒಂದು ಮಗ್ಗುಲು ಮಾಯ. ಸ್ಟಾಲ್ಸ್‌ನ ಮೊದಲ ಸಾಲಿನಲ್ಲಿ ರಂಗ ಎತ್ತರವಾಗಿದ್ದರೆ ನೃತ್ಯದ ಕಾಲುಗಳು ಕಾಣವು. ಆದರೂ ನಟರ ಬೆವರು, ಉಸಿರು ಕೈಗೆಟಕುವಷ್ಟು ಹತ್ತಿರ. ಮಾತೇ ಮುಖ್ಯವಾದ ನಾಟಕಕ್ಕೆ ಆ ಸಾಲು ಅಗ್ಗದಲ್ಲಿ ಸಿಕ್ಕರೆ ಬಿಡಬೇಡಿ. ಕುಣಿತದ ಮ್ಯೂಸಿಕಲ್‌ಗಾದರೆ ಮೇಲಂತಸ್ತಿನ ಅಪ್ಪರ್ ಸರ್ಕಲ್‌ನ ಎರಡನೆಯ ಅಥವಾ ಮೂರನೆಯ ಸಾಲು, ನಟ್ಟನಡುವೆ. ದುಬಾರಿ ಸ್ಟಾಲ್ಸ್‌ನ ಹಿಂಬದಿಗಿಂತ ಅದೇ ಮೇಲು ಎಂದು ಯಾರ ಜೊತೆ ಬೇಕಾದರೂ ವಾದಿಸುತ್ತೇನೆ. ಸೀಟ್‌ಪ್ಲಾನ್ ಎಂಬ ವೆಬ್‌ಸೈಟಿನಲ್ಲಿ ಒಂದೊಂದು ಸೀಟಿನಿಂದ ಪ್ರೇಕ್ಷಕರೇ ತೆಗೆದ ಫೋಟೊಗಳಿವೆ. ದುಡ್ಡು ಕಟ್ಟುವ ಮುಂಚೆ ಐದು ನಿಮಿಷ ಅಲ್ಲಿ ಕಳೆಯಿರಿ.

ಸೀಟೇ ಬೇಡ ಎನ್ನುವವರಿಗೆ ಎರಡು ಜಾಗ. ಥೇಮ್ಸ್ ದಂಡೆಯಲ್ಲಿ ಷೇಕ್ಸ್‌ಪಿಯರನ ನಾಟಕಗಳನ್ನಾಡುವ ಗ್ಲೋಬ್ ರಂಗಮಂದಿರ 1997ರಲ್ಲಿ ತೆರೆದಾಗಿನಿಂದ ನಿಲ್ಲುವವರ ಅಗ್ಗದ ಟಿಕೆಟ್ಟಿಗೆ ಹೆಸರುವಾಸಿ. ಅಂಗಳಕ್ಕೆ ಸೂರಿಲ್ಲ. ಕೂರಲು ಬಿಡುವುದಿಲ್ಲ, ಕೊಡೆಗೂ ಅವಕಾಶವಿಲ್ಲ. ರೇನ್‌ಕೋಟು ಇರಲಿ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ರಂಗದ ಅಂಚಿಗೆ ಮೊಣಕೈ ಊರಿಕೊಳ್ಳಿ, ಇಲ್ಲವೇ ಹಿಂದಿನ ಗೋಡೆಗೆ ಒರಗಿಕೊಳ್ಳಿ. ನಡುವೆ ನಿಂತವರ ಸೊಂಟ ಎರಡನೆಯ ಅಂಕಕ್ಕೆಲ್ಲ ಶರಣಾಗುತ್ತದೆ. ಕಥೆಯನ್ನು ಮೊದಲೇ ಓದಿಕೊಂಡು ಹೋಗಿ, ಷೇಕ್ಸ್‌ಪಿಯರನ ಇಂಗ್ಲಿಷು ಮೊದಲ ಹತ್ತು ನಿಮಿಷ ಯಾರ ಕಿವಿಗೂ ಹತ್ತುವುದಿಲ್ಲ. ಉಚ್ಚಾರಣೆಯೇ ತಿಳಿಯದೆಂಬ ಅಂಜಿಕೆ ಇದ್ದವರಿಗೆ ಒಂದು ಗುಟ್ಟು: ಕಿವಿ ಕೇಳದವರಿಗಾಗಿ ಮಾತುಗಳನ್ನು ಪರದೆಯಲ್ಲಿ ತೋರಿಸುವ ಪ್ರದರ್ಶನಗಳನ್ನು ದೊಡ್ಡ ರಂಗಮಂದಿರಗಳು ಆಗಾಗ ಇಡುತ್ತವೆ. ಅವಕ್ಕೆ ಯಾರು ಬೇಕಾದರೂ ಹೋಗಬಹುದು.

ಇನ್ನೊಂದು ಜಾಗ ರಾಯಲ್ ಆಲ್ಬರ್ಟ್ ಹಾಲ್. ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಅಲ್ಲಿ ಬಿಬಿಸಿ ಪ್ರಾಮ್ಸ್. 1895ರಲ್ಲಿ ಕ್ವೀನ್ಸ್ ಹಾಲ್‌ನಲ್ಲಿ ಶುರುವಾದ ಈ ಸಂಗೀತೋತ್ಸವ, 1941ರಲ್ಲಿ ಆ ಕಟ್ಟಡ ಬಾಂಬಿಗೆ ಬಲಿಯಾದ ಮೇಲೆ ಇಲ್ಲಿಗೆ ಬಂತು. ನಿಂತು ಕೇಳುವ ಟಿಕೆಟ್ ಈಚೆಗೆ 8 ಪೌಂಡಿನ ಆಸುಪಾಸು, ಆ ದಿನ ಬೆಳಿಗ್ಗೆಯೇ ಆನ್‌ಲೈನಿನಲ್ಲಿ ಕೊಳ್ಳಬೇಕು. ವೇದಿಕೆಯ ಮುಂದಿನ ಅರೀನಾದಲ್ಲಿ, ವಾದ್ಯವೃಂದವನ್ನು ನಡೆಸುವ ಕಂಡಕ್ಟರನ ಮೂಗಿನ ಕೆಳಗೇ ನಿಲ್ಲಬಹುದು. ನನಗೆ ಮಾತ್ರ ಮೇಲಿನ ಗ್ಯಾಲರಿ ಇಷ್ಟ. ಅಲ್ಲಿ ನೆಲದ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ ಕೇಳುವವರಿದ್ದಾರೆ.

ಚಪ್ಪಾಳೆಯ ಬಗ್ಗೆ ಒಂದು ಮಾತು. ಕಛೇರಿಯಲ್ಲಿ ತನಿ ಆವರ್ತನ ಮುಗಿದಾಗ ತಟ್ಟಿ ರೂಢಿಯಾದ ಕೈ, ವಾದ್ಯವೃಂದದ ದೊಡ್ಡ ರಚನೆಯಾದ ಸಿಂಫನಿಯ ಒಂದು ಭಾಗ ನಿಂತೊಡನೆ ತಾನಾಗಿಯೇ ಏಳುತ್ತದೆ. ಹಿಡಿದುಕೊಳ್ಳಿ. ಇನ್ನೂ ಮೂರು ಭಾಗ ಬಾಕಿ ಇರಬಹುದು. ಕಂಡಕ್ಟರ್ ಕೈ ಇಳಿಸಿ ನಮ್ಮ ಕಡೆ ತಿರುಗಿದ ಮೇಲೆ ತಟ್ಟಿದರೆ ಮೋಸವಿಲ್ಲ. ನಮ್ಮ ಸಂಗೀತವೇ ಬೇಕೆನಿಸಿದ ದಿನ ವೆಸ್ಟ್ ಕೆನ್ಸಿಂಗ್ಟನ್‌ನ ಭಾರತೀಯ ವಿದ್ಯಾ ಭವನ ಇದ್ದೇ ಇದೆ.

ತಡವಾಗಿ ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ, ಕೆಲವೊಮ್ಮೆ ಮಧ್ಯಂತರದ ತನಕ. ನೀರಿನ ಬಾಟಲಿ ಒಯ್ಯಿರಿ, ಒಳಗಿನ ಪುಟ್ಟ ಐಸ್‌ಕ್ರೀಮಿನ ಡಬ್ಬಿಗೆ ದುಡ್ಡು ಸುರಿಯಬೇಡಿ. ಶುಕ್ರವಾರ, ಶನಿವಾರ ರಾತ್ರಿ ಸೆಂಟ್ರಲ್, ಜುಬಿಲಿ, ನಾರ್ದರ್ನ್, ಪಿಕಡಿಲಿ, ವಿಕ್ಟೋರಿಯಾ ಮಾರ್ಗಗಳ ಬಹುಭಾಗದಲ್ಲಿ ರಾತ್ರಿಯಿಡೀ ಟ್ಯೂಬ್ ಎಂಬ ನೆಲದಡಿಯ ರೈಲು ಇರುತ್ತದೆ. ಉಳಿದ ದಿನ ಕೊನೆಯ ರೈಲು ತಪ್ಪಿದರೆ ರಾತ್ರಿ ಬಸ್ಸು ಹತ್ತಿ, ಮೇಲಂತಸ್ತಿನ ಮುಂದಿನ ಸೀಟು ಹಿಡಿಯಿರಿ. ಅಲ್ಲಿ ಕಂಬವಿಲ್ಲ.