ಸರ್ಫೇಸ್ ಪ್ಯಾಟರ್ನ್ ಡಿಸೈನ್ ಕಲಿಕೆ: ಕುಂಚಕ್ಕಿಂತ ಮೊದಲು ಸ್ಕೇಲು

ಬೆಡ್‌ಶೀಟು, ಕುರ್ತಾ ಬಟ್ಟೆ, ವಾಲ್‌ಪೇಪರು, ಉಡುಗೊರೆಗೆ ಸುತ್ತುವ ಕಾಗದ ಇವುಗಳ ಮೇಲೆ ಕೊನೆಯಿಲ್ಲದೆ ಹರಡಿಕೊಂಡಂತೆ ಕಾಣುವ ಚಿತ್ತಾರವನ್ನು ಸಿದ್ಧಪಡಿಸುವ ವಿದ್ಯೆಗೆ ಉದ್ಯಮದಲ್ಲಿ ಸರ್ಫೇಸ್ ಪ್ಯಾಟರ್ನ್ ಡಿಸೈನ್ ಎನ್ನುತ್ತಾರೆ. ಚಿತ್ರ ಬಿಡಿಸಲು ಬರುವವರು ಇದು ತಮಗೆ ಸುಲಭವೆಂದುಕೊಂಡೇ ಬರುತ್ತಾರೆ. ಆದರೆ ಖರೀದಿದಾರರು ಬೆಲೆ ಕೊಡುವುದು ಮುಖ್ಯವಾಗಿ ಜೋಡಣೆಗೆ, ಅಂದರೆ ಆ ಹೂವು ಸಾವಿರ ಮೀಟರ್ ಬಟ್ಟೆಯಲ್ಲಿ ಎಲ್ಲಿ ಮುಗಿದು ಎಲ್ಲಿ ಮತ್ತೆ ಶುರುವಾಯಿತೆಂಬುದು ಕಣ್ಣಿಗೆ ಬೀಳದಂತೆ ಕೂಡಿಸಿದ ಕೆಲಸಕ್ಕೆ. ಈ ಜೋಡಣೆಯ ಒಂದು ಪೂರ್ಣ ತುಂಡಿಗೆ ರಿಪೀಟ್ ಎಂದು ಹೆಸರು.

ಕಲಿಕೆಯನ್ನು ಮನೆಯ ಬೀರುವಿನಿಂದಲೇ ಆರಂಭಿಸಬಹುದು. ಮುದ್ರಿತ ಬೆಡ್‌ಶೀಟೊಂದನ್ನು ಹರಡಿ, ಒಂದು ಎಲೆಯನ್ನು ಗುರುತಿಟ್ಟುಕೊಂಡು, ಅದೇ ಎಲೆ ಅದೇ ಭಂಗಿಯಲ್ಲಿ ಮತ್ತೆ ಕಾಣಿಸುವವರೆಗಿನ ದೂರವನ್ನು ಸ್ಕೇಲಿನಿಂದ ಅಳೆಯಿರಿ. ಬಟ್ಟೆಯ ಉದ್ದಕ್ಕೆ ಅಳೆದರೆ ಅನೇಕ ಕಡೆ 64 ಸೆಂಟಿಮೀಟರ್, ಇಲ್ಲವೇ ಅದರ ಅರ್ಧವಾದ 32, ಕಾಲುಭಾಗವಾದ 16 ಸಿಗುತ್ತದೆ. ಬಟ್ಟೆ ಮುದ್ರಿಸುವ ರೋಟರಿ ಯಂತ್ರಗಳಲ್ಲಿ ಹೆಚ್ಚಾಗಿ ಬಳಸುವ ಉರುಳೆ ಪರದೆಯ (ತಿರುಗುತ್ತಾ ಬಟ್ಟೆಗೆ ಬಣ್ಣ ಒತ್ತುವ ಕೊಳವೆಯಾಕಾರದ ಸ್ಕ್ರೀನಿನ) ಸುತ್ತಳತೆ 64 ಸೆಂಟಿಮೀಟರ್ ಆಗಿರುವುದೇ ಇದಕ್ಕೆ ಕಾರಣ. ಅದನ್ನು ಸಮನಾಗಿ ಭಾಗಿಸದ ಅಳತೆಯ ವಿನ್ಯಾಸವನ್ನು ಆ ಯಂತ್ರಕ್ಕೆ ಕೊಡಲಾಗದು. ಡಿಜಿಟಲ್ ಮುದ್ರಣಕ್ಕೆ ಈ ಕಟ್ಟುಪಾಡಿಲ್ಲ. ಹೀಗೆ ಇಪ್ಪತ್ತು ಬಟ್ಟೆಗಳನ್ನಾದರೂ ಅಳೆದು ಟಿಪ್ಪಣಿ ಮಾಡಿಕೊಂಡವರಿಗೆ ಯಾವ ವಸ್ತುವಿಗೆ ಎಷ್ಟು ದೊಡ್ಡ ಹೂವು ಒಪ್ಪುತ್ತದೆ ಎಂಬ ಅಂದಾಜೂ ತಾನಾಗಿ ಬರುತ್ತದೆ.

ಮೊದಲ ರಿಪೀಟನ್ನು ಕಾಗದದ ಮೇಲೆಯೇ ಮಾಡುವುದು ಒಳ್ಳೆಯದು. ಚೌಕಾಕಾರದ ದಪ್ಪ ಕಾಗದದ ನಡುಭಾಗದಲ್ಲಿ, ಅಂಚುಗಳನ್ನು ಮುಟ್ಟದಂತೆ ಚಿತ್ರ ಬಿಡಿಸಿ. ಅದನ್ನು ಲಂಬವಾಗಿ ಎರಡು ಸಮಭಾಗ ಮಾಡಿ, ಎಡದ ತುಂಡನ್ನು ಬಲಕ್ಕೂ ಬಲದ ತುಂಡನ್ನು ಎಡಕ್ಕೂ ಸರಿಸಿ ಹಿಂಬದಿಯಿಂದ ಟೇಪು ಹಚ್ಚಿದರೆ, ಮೊದಲು ಹೊರ ಅಂಚುಗಳಾಗಿದ್ದವು ಈಗ ನಡುವೆ ಬಂದು ಕೂಡಿರುತ್ತವೆ. ಅಡ್ಡಲಾಗಿಯೂ ಹೀಗೆಯೇ ಕತ್ತರಿಸಿ ಮೇಲಿನದನ್ನು ಕೆಳಕ್ಕೆ ತಂದು, ನಡುವೆ ಉಂಟಾದ ಖಾಲಿ ಜಾಗವನ್ನು ಹೊಸ ಎಲೆ, ಮೊಗ್ಗು, ಬಳ್ಳಿಗಳಿಂದ ತುಂಬಿರಿ. ಇದರ ಒಂಬತ್ತು ನಕಲುಗಳನ್ನು ಮೂರು ಸಾಲಾಗಿ ಗೋಡೆಗೆ ಅಂಟಿಸಿ, ದೂರ ನಿಂತು, ಕಣ್ಣು ಕಿರಿದು ಮಾಡಿ ನೋಡಿದಾಗ ಖಾಲಿ ಜಾಗಗಳು ಒಂದರ ಕೆಳಗೊಂದು ಬಂದು ಕಾಲುದಾರಿಯಂತೆ ಕಂಡರೆ, ಆ ವಿನ್ಯಾಸವನ್ನು ಮತ್ತೆ ತಿದ್ದಬೇಕು.

ಇಂಥ ಕಾಲುದಾರಿ ಮೂಡದಂತೆ ಮಾಡಲು ಇರುವ ಹಳೆಯ ಉಪಾಯ ಹಾಫ್ ಡ್ರಾಪ್, ಅಂದರೆ ಪಕ್ಕದ ಕಂಬಸಾಲನ್ನು ರಿಪೀಟಿನ ಅರ್ಧದಷ್ಟು ಕೆಳಕ್ಕೆ ಇಳಿಸುವುದು. ನೇರ ಚುಕ್ಕಿಯ ರಂಗೋಲಿಗೂ ಸಂದು ಚುಕ್ಕಿಯ ರಂಗೋಲಿಗೂ ಇರುವ ವ್ಯತ್ಯಾಸ ಬಲ್ಲವರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಕಾಗದದ ಕ್ರಮ ಕೈಗೆ ಹತ್ತಿದ ಮೇಲೆ ಕಂಪ್ಯೂಟರಿಗೆ ಬರಬಹುದು. ಫೋಟೋಶಾಪಿನ ಆಫ್‌ಸೆಟ್ ಫಿಲ್ಟರ್ ಮಾಡುವುದು ಇದೇ ಕತ್ತರಿಸಿ ಕೂಡಿಸುವ ಕೆಲಸವನ್ನು. ಉಚಿತ ತಂತ್ರಾಂಶವಾದ ಕ್ರಿಟಾದಲ್ಲಿ ಚಿತ್ರ ಬಿಡಿಸುತ್ತಿರುವಾಗಲೇ ಸುತ್ತಲಿನ ಪುನರಾವರ್ತನೆಯನ್ನು ತೋರಿಸುವ ಸೌಲಭ್ಯವಿದೆ. ನನ್ನ ಮೊದಲ ಡಿಜಿಟಲ್ ಮುದ್ರಣದಲ್ಲಿ ಹತ್ತು ಮೀಟರ್ ಹತ್ತಿ ಬಟ್ಟೆಯುದ್ದಕ್ಕೂ ಪ್ರತಿ 32 ಸೆಂಟಿಮೀಟರಿಗೊಂದು ಕೂದಲೆಳೆಯಂಥ ಬಿಳಿ ಗೆರೆ ಬಿದ್ದಿತ್ತು. ಇಂಚಿಗೆ 300 ಪಿಕ್ಸೆಲ್‌ನ ಲೆಕ್ಕದಲ್ಲಿ 32 ಸೆಂಟಿಮೀಟರ್ ಎಂದರೆ ಸುಮಾರು 3779.5 ಪಿಕ್ಸೆಲ್, ಆ ಅರ್ಧ ಪಿಕ್ಸೆಲ್ ಅಂಚಿನಲ್ಲಿ ಅರೆಪಾರದರ್ಶಕವಾಗಿ ಉಳಿದದ್ದೇ ಗೆರೆಯಾಗಿತ್ತು. ಅಂದಿನಿಂದ ಅಳತೆಯನ್ನು 3780 ಎಂದು ಪೂರ್ಣಸಂಖ್ಯೆಯಲ್ಲೇ ಕೊಡುತ್ತೇನೆ.

ಪರದೆ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಪರದೆ ಬೇಕಾಗುವುದರಿಂದ, ಬಣ್ಣ ಹೆಚ್ಚಿದಂತೆ ಖರ್ಚೂ ಏರುತ್ತದೆ. ಆರು ಬಣ್ಣಗಳೊಳಗೆ ಮುಗಿಸುವ ಅಭ್ಯಾಸ ಮಾಡಿಕೊಳ್ಳುವುದು, ಅದೇ ವಿನ್ಯಾಸವನ್ನು ಎರಡು ಮೂರು ಬೇರೆ ವರ್ಣಸಂಯೋಜನೆಗಳಲ್ಲಿ ತೋರಿಸುವುದು ಲಾಭದಾಯಕ. ಬಿಡಿ ವಿನ್ಯಾಸಕ್ಕಿಂತ ಒಂದು ದೊಡ್ಡ ಹೂವಿನ ಚಿತ್ತಾರ, ಅದಕ್ಕೆ ಒಪ್ಪುವ ಸಣ್ಣ ಬಳ್ಳಿ, ಜೊತೆಗೆ ಗೆರೆ ಅಥವಾ ಚುಕ್ಕಿ ಸೇರಿದ ಸಂಗ್ರಹ ಬೇಗ ಮಾರಾಟವಾಗುತ್ತದೆ, ಏಕೆಂದರೆ ಹಾಸಿಗೆಗೂ ದಿಂಬಿಗೂ ಒಂದೇ ಚಿತ್ರವನ್ನು ಎಲ್ಲರೂ ಬಯಸುವುದಿಲ್ಲ.

ಚಿತ್ರದ ವಸ್ತುವಿಗಾಗಿ ನಮ್ಮ ಕಸೂತಿಯತ್ತ ಕೈಚಾಚುವವರು ಬಹಳ. ಗೋಪುರ, ತೇರು, ತುಳಸಿ ಬೃಂದಾವನಗಳೆಲ್ಲ ಎಳೆ ಎಣಿಸಿ ಹಾಕುವ ಹೊಲಿಗೆಗಳಾದ್ದರಿಂದ ಅವುಗಳ ಅಡಿಯಲ್ಲಿ ಚೌಕುಳಿಯ ಲೆಕ್ಕವಿರುತ್ತದೆ; ಅದನ್ನು ಬಿಟ್ಟು ಕುಂಚದಲ್ಲಿ ದುಂಡಗಾಗಿಸಿದರೆ ಕಸೂತಿಯ ಗುಣವೇ ಹೋಗುತ್ತದೆ. ಕಸೂತಿಗೆ ಭೌಗೋಳಿಕ ಸೂಚಕದ (ಜಿಐ ಟ್ಯಾಗ್) ಮಾನ್ಯತೆ ಇರುವುದರಿಂದ ಮುದ್ರಿತ ಬಟ್ಟೆಯನ್ನು ಆ ಹೆಸರಿನಲ್ಲಿ ಮಾರುವುದು ಸಲ್ಲದು.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲೂ (ಎನ್‌ಐಡಿ) ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯಲ್ಲೂ (ನಿಫ್ಟ್) ನಾಲ್ಕು ವರ್ಷಗಳ ಜವಳಿ ವಿನ್ಯಾಸ ಪದವಿಯಿದೆ. ಮಗ್ಗ, ನೂಲು, ಬಣ್ಣಗಾರಿಕೆಗಳನ್ನು ಕೈಯಾರೆ ಕಲಿಯಲು ಅದು ಸರಿಯಾದ ದಾರಿ; ಮುದ್ರಣ ವಿನ್ಯಾಸವಷ್ಟೇ ಸಾಕೆನ್ನುವವರು ಮನೆಯಲ್ಲಿದ್ದೇ ಕಲಿಯಬಹುದೆಂಬುದು ನನ್ನ ಅಭಿಪ್ರಾಯ.

ಮಾರಾಟಕ್ಕೆ ಇಳಿಯುವಾಗ ಕಾನೂನಿನ ಒಂದು ಅಂಶವನ್ನು ಮರೆಯಬಾರದು. ನೋಂದಣಿಗೆ ಅರ್ಹವಾದ ವಿನ್ಯಾಸವನ್ನು ನೋಂದಾಯಿಸದೆ, ಅದನ್ನು ಅಳವಡಿಸಿದ ವಸ್ತುವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ, ಕೃತಿಸ್ವಾಮ್ಯ ಕಾಯಿದೆಯ 15ನೇ ಕಲಮಿನಂತೆ ಅದರ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿದರೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ ದೊರೆಯುತ್ತದೆ. ಆದರೆ ನೋಂದಣಿಗೆ ವಿನ್ಯಾಸವು ಹೊಸದಾಗಿರಬೇಕು, ಮೊದಲೇ ಪ್ರಕಟವಾಗಿರಬಾರದು. ಆದ್ದರಿಂದ ಅರ್ಜಿ ಸಲ್ಲಿಸಿದ ನಂತರವೇ ಅದನ್ನು ಇನ್‌ಸ್ಟಾಗ್ರಾಮಿಗೆ ಹಾಕಿರಿ.