ಬಲ್ಬ್ ತರಾಕ ಹೊಂಟೀರೇನು? ಡಬ್ಬಿ ಮ್ಯಾಲಿಂದು ಓದಿ ತರ್ರಿ

ಗಂಗಾವತಿ, ಕಾರಟಗಿ, ಸಿಂಧನೂರು, ಯಾವ ಊರಿನ ಎಲೆಕ್ಟ್ರಿಕ್ ಅಂಗಡಿಗೆ ಹೋದ್ರೂ ನಾವು ಕೇಳೋದು ಒಂದೇ, "ಅಣ್ಣಾ, ಒಂಬತ್ತು ವ್ಯಾಟಿಂದು ಒಂದು ಬಲ್ಬ್ ಕೊಡ್ರಿ" ಅಂತ. ವ್ಯಾಟ್ ಅಂದ್ರ ಅದು ತಿನ್ನೋ ಕರೆಂಟ್, ಕೊಡೋ ಬೆಳಕಲ್ಲ. ಬೆಳಕಿನ ಲೆಕ್ಕ ಲುಮೆನ್ ಅಂತ ಡಬ್ಬಿ ಮ್ಯಾಲೆ ಸಣ್ಣ ಅಕ್ಷರದಾಗ ಇರತೈತಿ, ಮೊದ್ಲು ಅದನ್ನ ನೋಡ್ರಿ. ಹಳೇ 60 ವ್ಯಾಟಿನ ಗಾಜಿನ ಬಲ್ಬ್ ಕೊಡ್ತಿದ್ದದ್ದು ಸುಮಾರು 700ರಿಂದ 800 ಲುಮೆನ್, ಈಗಿನ ಒಳ್ಳೆ 9 ವ್ಯಾಟ್ ಎಲ್‌ಇಡಿ ಅಷ್ಟನ್ನ ಆರಾಮಾಗಿ ಕೊಡತೈತಿ. ದಿನಾ 5 ತಾಸು ಹಚ್ಚಿದ್ರ ತಿಂಗಳಿಗೆ ಹಳೇದಕ್ಕ 9 ಯೂನಿಟ್, ಎಲ್‌ಇಡಿಗೆ ಒಂದೂವರಿ ಯೂನಿಟ್ಟೂ ಆಗಂಗಿಲ್ಲ. ಗೃಹಜ್ಯೋತಿ ಐತಲ್ಲ ಬಿಡ್ರಿ ಅನ್ನೋರು ಅದಕ್ಕೂ 200 ಯೂನಿಟ್ ಮಿತಿ ಐತಿ ಅನ್ನೋದು ಮರೀಬಾರ್ದು.

ಆಮೇಲೆ ಕೆಲ್ವಿನ್, ಅಂದ್ರ ಬೆಳಕಿನ ಬಣ್ಣದ ಲೆಕ್ಕ. 2700-3000 ಇದ್ರ ಹಳದಿ ಬೆಳಕು, 6500 ಇದ್ರ ಬೆಳ್ಳಗ. ನಮ್ಮ ಕಡಿ ಎಲ್ಲಾರಿಗೂ ಬಿಳೀದ ಬೇಕು, ಅಡಗಿಮನಿಗೆ, ಹುಡುಗ್ರು ಓದಾಕ ಅದು ಸರಿ, ಆದ್ರ ನೆಲ್ಲಿನ ಗದ್ದಿ ಪಕ್ಕದ ಮನಿಯವ್ರು ಹೊರಗಿನ ಕಟ್ಟಿಗೂ ಅದನ್ನ ಹಾಕಿ, ಸಂಜಿ ಆತಂದ್ರ ಹುಳ ಬಂದು ಊಟದ ತಾಟಿನಾಗ ಬೀಳ್ತಾವು ಅಂತ ಲೈಟ್ ಆರಿಸಿ ಕತ್ತಲದಾಗ ಉಣ್ತಾರ! ಬಿಳಿ ಬೆಳಕಿನಾಗ ನೀಲಿ ಅಂಶ ಜಾಸ್ತಿ, ಹುಳಕ್ಕ ಅದು ಬಲು ಇಷ್ಟ. ಹೊರಗ ಹಳದಿ ಹಾಕ್ರಿ, ಪೂರ್ತಿ ನಿಲ್ಲಂಗಿಲ್ಲ, ಕಮ್ಮಿ ಅಂತೂ ಆಗ್ತಾವು.

ಸೀರಿ ಅಂಗಡಿಯವ್ರು ಸಿಆರ್‌ಐ ನೋಡ್ರಿ, ಬಣ್ಣ ಎಷ್ಟು ಖರೇ ಕಾಣತಾವು ಅನ್ನೋದಕ್ಕ 100ರ ಮ್ಯಾಲೆ ಕೊಡೋ ಅಂಕಿ ಅದು, 80ಕ್ಕಿಂತ ಕಮ್ಮಿ ಬ್ಯಾಡ, 90 ಸಿಕ್ರ ಬಣ್ಣ ಬಣ್ಣದಂಗ ಕಾಣತೈತಿ. ಹೋಲ್ಡರ್ ಎರಡು ಪಿನ್ನಿಂದೋ ತಿರುವಿ ಹಾಕೋದೋ ನೋಡ್ಕೊಂಡು ಹೋಗ್ರಿ, ಐಎಸ್ 16102 ಅನ್ನೋ ಎಲ್‌ಇಡಿ ಬಲ್ಬಿನ ಭಾರತೀಯ ಮಾನದಂಡದ ನಂಬರ್ ಇಲ್ಲದ ಸಂತಿ ಬಲ್ಬ್ ಮುಟ್ಟಬ್ಯಾಡ್ರಿ.

ಡಬ್ಬಿ ಮ್ಯಾಲೆ ಸಾವಿರಗಟ್ಟಲೆ ತಾಸು ಅಂತ ಬರೆದಿದ್ರೂ ಬಲ್ಬ್ ಯಾಕ ಬ್ಯಾಗ ಹೋಗತೈತಿ ಅಂದ್ರ ಸೆಕಿ. ಎಲ್‌ಇಡಿ ಬುಡದಾಗ ಸಣ್ಣ ಸರ್ಕ್ಯೂಟ್ ಐತಿ, ಕಾದಷ್ಟೂ ಅದರ ಆಯಸ್ಸು ಕಮ್ಮಿ. ರಾಯಚೂರು ಬಿಸಿಲು 40 ಡಿಗ್ರಿ ದಾಟಿದಾಗ ತಗಡಿನ ಮನ್ಯಾಗ, ಅದೂ ಗಾಳಿ ಆಡದ ಗಾಜಿನ ಡೂಮ್ ಒಳಗ ಕೂಡ್ಸಿದ್ರ ಅದು ಬಾಳಂಗಿಲ್ಲ, ಬಲ್ಬ್ ಡೂಮ್ ಇಲ್ದ ಗಾಳಿ ಆಡೋ ಹಂಗ ಇರ್ಲಿ.

ಇನ್ನೊಂದು, ಸ್ವಿಚ್ ಆಫ್ ಮಾಡಿದ್ರೂ ಬಲ್ಬ್ ಮಿಣಿಮಿಣಿ ಅಂತೈತೇನು? ಬೋರ್ಡಿನಾಗ ಇಂಡಿಕೇಟರ್ (ಸಣ್ಣ ದೀಪ) ಇರೋ ಸ್ವಿಚ್ ಇದ್ರ ಹಂಗ ಆಗಬಹುದು, ಅದಕ್ಕ ಹೆದರೋದು ಬ್ಯಾಡ. ಇಂಡಿಕೇಟರ್ ಇಲ್ಲಂದ್ರ ಕರೆಂಟ್ ತರೋ ಫೇಸ್ ವೈರಿನ ಬದ್ಲಿ, ಅದು ವಾಪಸ್ ಹೋಗೋ ನ್ಯೂಟ್ರಲ್ ವೈರಿಗೆ ಸ್ವಿಚ್ ಕೊಟ್ಟಿರಬಹುದು, ಆವಾಗ ಆಫ್ ಮಾಡಿದ ಮ್ಯಾಲೂ ಹೋಲ್ಡರಿನಾಗ ಕರೆಂಟ್ ಇರತೈತಿ, ಬಲ್ಬ್ ಬದ್ಲಿ ಮಾಡಾಕ ಕೈ ಹಾಕಿದ್ರ ಶಾಕ್ ಹೊಡಿತೈತಿ. ಮೇನ್ ಬಂದ್ ಮಾಡ್ರಿ, ವೈರ್‌ಮನ್‌ನ ಕರೀರಿ, ವೈರ್ ಅದಲುಬದಲು ಮಾಡ್ಸಿದ ಮ್ಯಾಲೇ ಹೊಸ ಬಲ್ಬ್ ಹಾಕ್ರಿ.