ಸಂಘಕ್ಕೆ ಹಳೇ ಜಾಗ ಕೊಳ್ಳುವ ಮುನ್ನ: ಅಮೆರಿಕದ ಬ್ರೌನ್‌ಫೀಲ್ಡ್ ಹಣ ಮತ್ತು 180 ದಿನದ ಲೆಕ್ಕ

ಮೈಸೂರಿನಲ್ಲಿ ಸೈಟು ಕೊಳ್ಳುವವರಿಗೆ ಯಾವ ಕಾಗದ ನೋಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮೂವತ್ತು ವರ್ಷದ ಇ.ಸಿ., ಖಾತಾ, ಕಂದಾಯದ ರಸೀದಿ, ಭೂಪರಿವರ್ತನೆ ಆದೇಶ ವಕೀಲರ ಮೇಜಿಗೆ ಬಂದರೆ ಅರ್ಧ ನೆಮ್ಮದಿ. ಅದೇ ಅಭ್ಯಾಸ ಹೊತ್ತು ಅಮೆರಿಕಕ್ಕೆ ಹೋದವರು, ಕನ್ನಡ ಭವನಕ್ಕೋ ದೇವಸ್ಥಾನಕ್ಕೋ ಊರೊಳಗಿನ ಹಳೇ ಜಾಗ ಹುಡುಕುವಾಗ ಟೈಟಲ್ ಸರ್ಚ್ ಒಂದನ್ನೇ ನಂಬಿಬಿಡುತ್ತಾರೆ. ಟೈಟಲ್ ಸರ್ಚ್ ಎಂದರೆ ಅಲ್ಲಿನ ಇ.ಸಿ. ಅದು ಹಕ್ಕು, ಸಾಲ ಹೇಳುತ್ತದೆ. ಮಣ್ಣಿನ ವಿಷಯ ಹೇಳುವುದಿಲ್ಲ.

ಅಗ್ಗಕ್ಕೆ ಸಿಗುವ ಜಾಗ ಹೆಚ್ಚಾಗಿ ಹಳೇ ವರ್ಕ್‌ಶಾಪು, ಲೋಹದ ಲೇಪನದ ಕಾರ್ಖಾನೆ ಅಥವಾ ಡ್ರೈಕ್ಲೀನಿಂಗ್ ಅಂಗಡಿ. ಹೀಗೆ ಮಾಲಿನ್ಯವಿರುವ ಅಥವಾ ಅದರ ಶಂಕೆಯಿರುವ ಹಳೇ ಜಾಗಕ್ಕೇ ಬ್ರೌನ್‌ಫೀಲ್ಡ್ ಎನ್ನುತ್ತಾರೆ. ಡ್ರೈಕ್ಲೀನಿಂಗಿಗೆ ಬಳಸುತ್ತಿದ್ದ ಪರ್‌ಕ್ಲೋರೋಇಥಿಲೀನ್ ನೀರಿಗಿಂತ ಭಾರ. ಕಾಂಕ್ರೀಟಿನ ಬಿರುಕಿನಲ್ಲಿ ಇಳಿದು ಅಂತರ್ಜಲದವರೆಗೂ ಹೋಗುತ್ತದೆ, ಆಮೇಲೆ ಆವಿಯಾಗಿ ಕಟ್ಟಡದೊಳಕ್ಕೇ ಏರುತ್ತದೆ. 1980ರ ಸೂಪರ್‌ಫಂಡ್ ಕಾಯ್ದೆಯ ಪ್ರಕಾರ, ಚೆಲ್ಲಿದವನು ಯಾರೇ ಆಗಿರಲಿ, ಇವತ್ತಿನ ಮಾಲೀಕನೂ ಶುದ್ಧೀಕರಣದ ವೆಚ್ಚಕ್ಕೆ ಹೊಣೆ. 2002ರ ತಿದ್ದುಪಡಿ ಎರಡು ಕೆಲಸ ಮಾಡಿತು. ಮೊದಲೇ ವಿಚಾರಿಸಿ ಕೊಂಡವನಿಗೆ ರಕ್ಷಣೆ ಕೊಟ್ಟಿತು, ಇಂಥ ಜಾಗ ಸ್ವಚ್ಛಗೊಳಿಸಲು ಇಪಿಎ (ಅಮೆರಿಕ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ) ಮೂಲಕ ಅನುದಾನವನ್ನೂ ಕೊಟ್ಟಿತು. ಎರಡಕ್ಕೂ ಕೀಲಿ ಒಂದೇ: ಕೊಳ್ಳುವ ಮೊದಲೇ ಮಾಡಿಸಿದ ಪರಿಶೀಲನೆ.

ಅನುದಾನ ಯಾರಿಗೆ ಎಂಬುದು ಸರಳ. ರಾಜ್ಯ, ನಗರ, ಕೌಂಟಿ, ಬುಡಕಟ್ಟು ಆಡಳಿತಗಳ ಜೊತೆಗೆ 501(ಸಿ)(3) ಎಂಬ ತೆರಿಗೆ ವಿನಾಯಿತಿಯ ನೋಂದಣಿಯಿರುವ ಲಾಭರಹಿತ ಸಂಸ್ಥೆಗೂ ಶುದ್ಧೀಕರಣದ ಅನುದಾನಕ್ಕೆ ನೇರವಾಗಿ ಅರ್ಜಿ ಹಾಕುವ ಅರ್ಹತೆಯಿದೆ. ಅಂದರೆ ನಿಮ್ಮ ಸಂಘಕ್ಕೂ ಉಂಟು. ಸ್ವಂತ ವ್ಯಾಪಾರಕ್ಕೆ ಕೊಳ್ಳುವವರಿಗೆ ಇಪಿಎ ಅನುದಾನವಿಲ್ಲ. ನಗರದ ಕೈಯಲ್ಲಿ ಬ್ರೌನ್‌ಫೀಲ್ಡ್ ಸಾಲನಿಧಿ ಇದ್ದರೆ ಕಡಿಮೆ ಬಡ್ಡಿಯ ಸಾಲ ಕೇಳಬಹುದು.

ಈಗ ಎಲ್ಲರೂ ಬೀಳುವ ಗುಂಡಿಯ ವಿಷಯ. ಅರ್ಜಿ ಹಾಕುವ ಹೊತ್ತಿಗೆ ಜಾಗ ಸಂಘದ ಹೆಸರಿನಲ್ಲಿರಬೇಕು, ಸಂಘ ಆ ಮಾಲಿನ್ಯಕ್ಕೆ ಹೊಣೆಯಾಗಿರಬಾರದು. ಹೊಣೆಯಿಲ್ಲ ಎಂದು ತೋರಿಸಲು ಕೊಳ್ಳುವ ಮೊದಲೇ ಫೇಸ್ ಒನ್ ಪರಿಶೀಲನೆ, ಅಂದರೆ ದಾಖಲೆ, ಸಂದರ್ಶನ, ಸ್ಥಳ ನೋಡಿ ಮಾಲಿನ್ಯದ ಸುಳಿವು ಹುಡುಕುವ ಕೆಲಸ, ಮುಗಿದಿರಬೇಕು. ರಿಜಿಸ್ಟರ್ ಆದ ಮರುದಿನ ಎಷ್ಟು ಖರ್ಚು ಮಾಡಿ ಮಾಡಿಸಿದರೂ ಅದು ಲೆಕ್ಕಕ್ಕಿಲ್ಲ. ರಕ್ಷಣೆಯೂ ಹೋಯಿತು, ಅನುದಾನವೂ ಹೋಯಿತು, ನಗರದ ಸಾಲವೂ ಹೋಯಿತು.

ಮೊದಲೇ ಮಾಡಿಸಿದವರೂ ತಾರೀಖಿನಲ್ಲಿ ಎಡವುತ್ತಾರೆ. ವರದಿಯ ಆಯುಸ್ಸು ಒಂದು ವರ್ಷ ಎಂದು ಕೇಳಿರುತ್ತಾರೆ. ಅದು ಅರ್ಧ ಸತ್ಯ. ಐದು ಭಾಗಗಳು ಜಾಗ ಕೈಗೆ ಬರುವ ದಿನಕ್ಕೆ 180 ದಿನದೊಳಗಿನವಾಗಿರಬೇಕು: ಹಳೇ ಹಾಗೂ ಈಗಿನ ಮಾಲೀಕರ, ಬಳಕೆದಾರರ ಸಂದರ್ಶನ, ಶುದ್ಧೀಕರಣದ ಬಾಕಿಗಾಗಿ ಆಸ್ತಿಯ ಮೇಲೆ ಹಾಕಿದ ಹಕ್ಕಿನ ಹುಡುಕಾಟ, ಸರ್ಕಾರಿ ದಾಖಲೆಗಳ ಪರಿಶೀಲನೆ, ಸ್ಥಳವನ್ನು ಕಣ್ಣಾರೆ ನೋಡುವ ತಪಾಸಣೆ, ಪರಿಸರ ತಜ್ಞರ ಸಹಿಯ ಘೋಷಣೆ. ಎಣಿಕೆ ಶುರುವಾಗುವುದು ವರದಿಯ ಮುಖಪುಟದ ತಾರೀಖಿನಿಂದಲ್ಲ, ಈ ಐದರಲ್ಲಿ ಮೊದಲು ಆದದ್ದರಿಂದ. ದಾಖಲೆ ತೆಗೆದದ್ದು ಜನವರಿ 10, ವರದಿ ಬಂದದ್ದು ಫೆಬ್ರವರಿ 20 ಅಂದುಕೊಳ್ಳಿ. ವರದಿಯಿಂದ ಎಣಿಸಿದವರು ಆಗಸ್ಟ್ 19ರವರೆಗೆ ಸಮಯವಿದೆ ಎನ್ನುತ್ತಾರೆ. ನಿಜವಾದ ಗಡುವು ಜುಲೈ 9. ದೇಣಿಗೆ ಕೂಡುವುದು ತಡವಾಗಿ, ಬ್ಯಾಂಕಿನ ಕಾಗದ ತಡವಾಗಿ, ಜುಲೈ 25ಕ್ಕೆ ಸಹಿ ಬಿದ್ದರೆ ಹದಿನಾರು ದಿನದ ಅಂತರದಲ್ಲಿ ಎಲ್ಲ ಕೈತಪ್ಪುತ್ತದೆ. ಸಹಿ ಮುಂದಕ್ಕೆ ಹೋದಾಗಲೆಲ್ಲ ತಜ್ಞರಿಗೆ ಫೋನ್ ಮಾಡಿ, ಹಳತಾದ ಭಾಗಗಳನ್ನು ಹೊಸದಾಗಿ ಮಾಡಿಸಿ. ಪೂರ್ತಿ ವರದಿಗೆ ಸಾಮಾನ್ಯವಾಗಿ ಕೆಲವು ಸಾವಿರ ಡಾಲರ್, ನವೀಕರಣಕ್ಕೆ ಅದಕ್ಕಿಂತ ಕಡಿಮೆ.

ಮಾರುವವರು ಕೊಟ್ಟ ಹಳೇ ವರದಿಯನ್ನೇ ಇಟ್ಟುಕೊಂಡು ಸುಮ್ಮನಾಗಬೇಡಿ. ವರದಿ ಸಂಘದ ಹೆಸರಿನಲ್ಲಿರಲಿ, ಫೇಸ್ ಒನ್‌ಗೆಂದು ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆ ರೂಪಿಸಿದ ಇ1527-21 ಮಾನದಂಡದಲ್ಲಿರಲಿ. ಹಿಂದಿನ ಇ1527-13 ಫೆಬ್ರವರಿ 2024ರಿಂದ ಇಪಿಎಗೆ ಸಲ್ಲುವುದಿಲ್ಲ. ತಜ್ಞರು ಕೊಡುವ ಪ್ರಶ್ನಾವಳಿಯಲ್ಲಿ ಬೆಲೆ ಮಾರುಕಟ್ಟೆ ದರಕ್ಕಿಂತ ಏಕೆ ಕಡಿಮೆ ಎಂಬ ಪ್ರಶ್ನೆಯೂ ಇರುತ್ತದೆ. ಅದನ್ನು ಖಾಲಿ ಬಿಟ್ಟರೆ ಪರಿಶೀಲನೆ ಅಪೂರ್ಣ.

ದಾನದ ಜಾಗಕ್ಕೆ ಇನ್ನೂ ಎಚ್ಚರ ಬೇಕು. ನಮ್ಮವರೇ ಒಬ್ಬರು ಪ್ರೀತಿಯಿಂದ ಬರೆದುಕೊಡುತ್ತೇನೆಂದಾಗ ಮಣ್ಣಿನ ವರದಿ ಕೇಳುವುದು ಅವಮಾನವೆಂದು ಸಮಿತಿ ಹಿಂಜರಿಯುತ್ತದೆ. ದಾನ ಪಡೆದರೂ ನಿಯಮ ಅದೇ. ಕೊಟ್ಟವರೇ ಮಾಲಿನ್ಯಕ್ಕೆ ಹೊಣೆಯಾಗಿದ್ದು, ಸಂಘದ ಆಡಳಿತದಲ್ಲೂ ಇದ್ದರೆ ‘ಹೊಣೆಗಾರನೊಂದಿಗೆ ಸಂಬಂಧ’ ಎಂಬ ತೊಡಕು ಬೇರೆ. ನಾಚಿಕೆ ಬಿಟ್ಟು ಕೇಳಿ, ಪರಿಸರ ಕಾನೂನಿನ ವಕೀಲರಿಗೂ ತೋರಿಸಿ.

ಈ ಒಂದು ವಿಷಯದಲ್ಲಿ ಅಮೆರಿಕದ ಪದ್ಧತಿಯೇ ಮೇಲು. ಅಲ್ಲಿ ತಜ್ಞರು ಜಾಗದ ಚರಿತ್ರೆಯನ್ನು ಅದು ಮೊದಲು ಬಳಕೆಗೆ ಬಂದ ಕಾಲದವರೆಗೆ ಹಿಂದಕ್ಕೆ ಹುಡುಕುತ್ತಾರೆ: ಅಗ್ನಿವಿಮೆಯ ಹಳೇ ನಕ್ಷೆ, ವಿಮಾನದಿಂದ ತೆಗೆದ ಚಿತ್ರ, ಊರಿನ ಡೈರೆಕ್ಟರಿ. ನಮ್ಮಲ್ಲಿ ಕ್ರಯಪತ್ರದ ಜೊತೆ ಮಣ್ಣಿನ ಬಗ್ಗೆ ಒಂದು ಹಾಳೆಯೂ ಇರುವುದಿಲ್ಲ. ಮೈಸೂರಿನ ವಿದ್ಯಾರಣ್ಯಪುರಂ ಸೂಯೆಜ್ ಫಾರಂನಂಥ ಕಸದ ಗುಡ್ಡ ಕರಗಿಸಲು 2021ರ ಸ್ವಚ್ಛ ಭಾರತ್ 2.0ರಲ್ಲಿ ಕೇಂದ್ರದ ನೆರವಿದೆ, ಆದರೆ ಆ ಹಣ ನಗರಾಡಳಿತಕ್ಕೆ. ಕಲುಷಿತ ಜಾಗಗಳ ನಿರ್ವಹಣೆಗೆಂದೇ ನಿಯಮ ಬಂದದ್ದು 2025ರ ಜುಲೈಯಲ್ಲಿ.

ಜಾಗ ಕಣ್ಣಿಗೆ ಬಿದ್ದ ಕೂಡಲೇ ನಗರದ ಬ್ರೌನ್‌ಫೀಲ್ಡ್ ಅಧಿಕಾರಿಯನ್ನು ಕಾಣಿ. ಅವರ ಪರಿಶೀಲನಾ ಅನುದಾನದಲ್ಲಿ ಹಣ ಉಳಿದಿದ್ದರೆ ನಿಮ್ಮ ಫೇಸ್ ಒನ್, ಫೇಸ್ ಟು ಎರಡೂ ಅದರಲ್ಲೇ ಆಗಬಹುದು. ಇಪಿಎ ಪ್ರಾದೇಶಿಕ ಕಚೇರಿ ಲಾಭರಹಿತ ಸಂಸ್ಥೆಗಳಿಗೆ ತನ್ನ ಗುತ್ತಿಗೆದಾರರಿಂದ ಉಚಿತವಾಗಿ ಪರೀಕ್ಷೆ ಮಾಡಿಸಿಕೊಡುವುದೂ ಉಂಟು. ಶುದ್ಧೀಕರಣದ ಅರ್ಜಿಗೆ ಮಣ್ಣು, ನೀರಿನ ಮಾದರಿ ತೆಗೆದ ಫೇಸ್ ಟು ಬೇಕು. ಪರ್ಯಾಯ ವಿಧಾನಗಳನ್ನು ಹೋಲಿಸಿದ ಕರಡು ಬೇಕು, ಅದನ್ನು ಊರವರ ಮುಂದಿಟ್ಟು ಅರ್ಜಿಗೆ ಮೊದಲೇ ಸಭೆ ನಡೆಸಿರಬೇಕು. ಅಮೆರಿಕ ಸರ್ಕಾರದ ಅನುದಾನ ಕೇಳುವವರು ಹೆಸರು ದಾಖಲಿಸಬೇಕಾದ ಸ್ಯಾಮ್ ಡಾಟ್ ಗೌವ್ (SAM.gov) ಜಾಲತಾಣದ ನೋಂದಣಿಗೆ ವಾರಗಟ್ಟಲೆ ಹಿಡಿಯುತ್ತದೆ, ಕೊನೆಯ ವಾರಕ್ಕೆ ಬಿಡಬೇಡಿ. ಹಣ ಮಂಜೂರಾದ ಮೇಲೆ ಗುತ್ತಿಗೆಯನ್ನು ಸಮಿತಿಯವರ ನೆಂಟರಿಗೆ ಕೊಡುವಂತಿಲ್ಲ. ಸ್ಪರ್ಧೆಯ ದರಪಟ್ಟಿ ಕರೆಯಬೇಕು, ಶುದ್ಧೀಕರಣದ ಕೂಲಿಗೆ ಡೇವಿಸ್-ಬೇಕನ್ ಕಾಯ್ದೆಯ ದರ, ಅಂದರೆ ಆ ಊರಿನಲ್ಲಿ ಚಾಲ್ತಿಯಲ್ಲಿರುವುದೆಂದು ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ ಕೊಡಬೇಕು. ಅಂದಾಜು ಪಟ್ಟಿಯಲ್ಲಿ ಈ ಕೂಲಿ ದರವನ್ನೇ ಹಿಡಿಯಿರಿ.